ಸಾಮಾನಿನ ಚೀಟಿ

ಸಂಜೆಯ ಹೊತ್ತು ರೇಡಿಯೋದಲ್ಲಿ ಪೇಟೆ ಧಾರಣೆ ಓದುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಲ್ಲ, ಕಡಲೆಕಾಯಿ, ತೊಗರಿ, ಒಣಮೆಣಸಿನಕಾಯಿ ಎಂದು ಒಂದೊಂದರ ಹೆಸರು ಹೇಳಿ, ಕ್ವಿಂಟಾಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಏರಿಳಿತವಿಲ್ಲದ ಒಂದೇ ದನಿಯಲ್ಲಿ ಅದು ಸಾಗುತ್ತಿತ್ತು. ಹಲಸೂರಿನ ನಮ್ಮ ಮನೆಯಲ್ಲಿ ಅದನ್ನು ಕಿವಿಗೊಟ್ಟು ಕೇಳುತ್ತಿದ್ದವರು ನಮ್ಮ ತಾಯಿ ಒಬ್ಬರೇ. ಮಾರುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲ. ಆದರೂ ಅವರು ಒಲೆಯ ಮುಂದೆ ಕುಳಿತು ಕೊನೆಯವರೆಗೂ ಕೇಳಿ, ತಿಂಗಳ ಸಾಮಾನಿನ ಚೀಟಿಯನ್ನು ಡಬ್ಬಿಯಿಂದ ತೆಗೆದು ಒಂದೆರಡು ಕಡೆ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಪದಾರ್ಥದ ಹೆಸರನ್ನು ಅವರು ಹೊಡೆದುಹಾಕಿದ್ದನ್ನು ನಾನು ಕಂಡದ್ದು ಅಪರೂಪ. ತಿದ್ದುತ್ತಿದ್ದುದು ಹೆಸರಿನ ಮುಂದಿದ್ದ ಅಂಕಿಯನ್ನು. ಆ ಅಂಕಿಯ ಚರಿತ್ರೆಯನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ನಾನು ಆರಿಸಿಕೊಂಡ ಪ್ರದೇಶ ಚಿಕ್ಕದು. ಬೆಂಗಳೂರಿನ ದಂಡು, ಅದರ ಅಂಚಿನ ಹಲಸೂರು, ಅಲ್ಲಿಂದ ಹಳೆಯ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಕೃಷ್ಣರಾಜಪುರ, ಇಷ್ಟೇ. ಚಿಕ್ಕದಾದರೂ ಇಲ್ಲಿ ಎರಡು ಬಗೆಯ ಒಲೆಗಳು ಎದುರುಬದುರಾಗಿ ಉರಿದಿವೆ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದ ಜ್ವರದ ಹವೆಯಿಂದ ತಪ್ಪಿಸಿಕೊಂಡು ಹಲಸೂರಿನ ಬಳಿ ನೆಲೆಯೂರಿತು. ಅದರ ಬೆನ್ನಿಗೆ ಮದರಾಸು ಸೀಮೆಯಿಂದ ವರ್ತಕರು, ಗುತ್ತಿಗೆದಾರರು, ಅಡಿಗೆಯವರು, ಅಗಸರು, ಕುದುರೆಲಾಯದ ಆಳುಗಳು ಬಂದರು. ಇವರೆಲ್ಲ ಕೈಗೆ ಬಂದ ಕಾಸಿನಿಂದ ಕೊಂಡು ಉಣ್ಣುವವರು. ಹೊಲವಿಲ್ಲ, ಕಣವಿಲ್ಲ, ಕಣಜವಿಲ್ಲ. ಮೂರು ಹರಿದಾರಿ ಆಚೆಗಿದ್ದ ಒಕ್ಕಲು ಮಕ್ಕಳ ರೀತಿ ಬೇರೆ. ಹೊಸಕೋಟೆಯ ಕಡೆಯ ಹಳ್ಳಿಯಿಂದ ಬಂದ ನಮ್ಮ ಅಜ್ಜಿ ಹಗೇವಿನ ಕಥೆ ಹೇಳುತ್ತಿದ್ದರು. ನೆಲದಲ್ಲಿ ಆಳವಾಗಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಅದಕ್ಕೆ ಹುಳು ಹಿಡಿಯದು. ತೆರೆದ ಕೂಡಲೇ ಇಳಿಯಬಾರದು, ಒಳಗಿನ ಹಬೆ ಆಳನ್ನು ಕೊಂದೀತು. ಮೊದಲು ದೀಪ ಇಳಿಬಿಟ್ಟು ಆರುವುದೇ ನೋಡಬೇಕು. ಈ ಮಾತನ್ನು ಅಜ್ಜಿ ಎಷ್ಟು ಸಲ ಹೇಳಿದರೂ ನಮಗೆ ಹೊಸದಾಗಿಯೇ ಇರುತ್ತಿತ್ತು. ಅವರ ಲೆಕ್ಕದಲ್ಲಿ ಮನೆಯ ದಿನಸಿಯ ಅಳತೆ ವರ್ಷ. ನಮ್ಮ ತಾಯಿಯ ಲೆಕ್ಕದಲ್ಲಿ ಅದು ತಿಂಗಳು. ಆಮೇಲೆ ಅದು ಇನ್ನೂ ಕಿರಿದಾದುದನ್ನು ಮುಂದೆ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ದಾಖಲೆಗಳಲ್ಲಿ ಧಾನ್ಯದ ಬೆಲೆ ಬರೆದಿರುವ ಕ್ರಮವನ್ನು ನೋಡಿದವರಿಗೆ ಮೊದಲು ಒಂದು ಗೊಂದಲವಾಗುತ್ತದೆ. ಸೇರಿಗೆ ಇಷ್ಟು ಆಣೆ ಎಂದು ಅಲ್ಲಿ ಬರೆದಿಲ್ಲ. ರೂಪಾಯಿಗೆ ಇಷ್ಟು ಸೇರು ಎಂದು ಬರೆದಿದ್ದಾರೆ. ಅಂಕಿ ದೊಡ್ಡದಾದರೆ ಸುಭಿಕ್ಷ, ಚಿಕ್ಕದಾದರೆ ದುರ್ಭಿಕ್ಷ. ಇದು ಕೇವಲ ಗುಮಾಸ್ತರ ಪದ್ಧತಿಯಲ್ಲ, ಕೊಳ್ಳುವವನ ಅನುಭವವೇ ಹಾಗಿತ್ತೆಂದು ನನ್ನ ಊಹೆ. ಕೈಯಲ್ಲಿದ್ದ ರೂಪಾಯಿ ಅದೇ ರೂಪಾಯಿ. ಅದನ್ನು ಕೊಟ್ಟಾಗ ಸೆರಗಿಗೆ ಬಿದ್ದ ರಾಗಿ ಮಾತ್ರ ಈ ವಾರ ಹೋದ ವಾರಕ್ಕಿಂತ ಕಡಿಮೆ. ನಾವು ‘ಬೆಲೆ ಏರಿತು’ ಎನ್ನುತ್ತೇವೆ. ಅಂದಿನವರಿಗೆ ಬೆಲೆ ಏರಲಿಲ್ಲ, ಅಳತೆ ಇಳಿಯಿತು.

ಅಳತೆ ತೀರ ತಳಮುಟ್ಟಿದ್ದು 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ. 1875ರಲ್ಲೇ ಮಳೆ ಕೈಕೊಟ್ಟಿತ್ತು; ಮುಂದಿನ ವರ್ಷ ಮತ್ತೆ ಕೈಕೊಟ್ಟಿತು. ಹಗೇವುಗಳು ಒಂದು ವರ್ಷದ ಬರವನ್ನು ತಡೆದುಕೊಳ್ಳಬಲ್ಲವು, ಎರಡನೆಯದನ್ನೂ ಹೇಗೋ ನೂಕಬಲ್ಲವು; ಅದರಾಚೆಗೆ ಅವು ಬರಿಯ ಗುಂಡಿಗಳು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ. ನಡುವೆ ಹುಟ್ಟಿದವರನ್ನೂ ಗಮನಿಸಿದರೆ ನಷ್ಟ ಈ ವ್ಯತ್ಯಾಸಕ್ಕಿಂತ ದೊಡ್ಡದು. ಆ ದಿನಗಳಲ್ಲಿ ಸೀಮೆಗೆಲ್ಲ ಇದ್ದ ರೈಲು ದಾರಿ ಒಂದೇ. ಜೋಲಾರ್‌ಪೇಟೆಯಿಂದ ಕೃಷ್ಣರಾಜಪುರದ ಮೇಲೆ ಹಾದು ದಂಡಿಗೆ ಬರುವ ದಾರಿ, 1864ರಲ್ಲಿ ತೆರೆದದ್ದು. ಮದರಾಸು ಬಂದರಿಗೆ ಹಡಗಿನಲ್ಲಿ ಬಂದ ಬಂಗಾಳದ ಅಕ್ಕಿ ಇದೇ ದಾರಿಯಲ್ಲಿ ಬಂದು ದಂಡಿನ ನಿಲ್ದಾಣದಲ್ಲಿ ಇಳಿಯಿತು. ಹೀಗಾಗಿ ರಾಗಿಯ ನಾಡಿಗೆ ರಾಗಿ ಇಲ್ಲವಾದಾಗ ಬಂದದ್ದು ಅಕ್ಕಿ. ಬೆಳೆದವರ ಮನೆಯಲ್ಲಿ ಕಾಳಿಲ್ಲ, ಬೆಳೆಯದವರ ಪೇಟೆಯಲ್ಲಿ ಮೂಟೆಗಳ ರಾಶಿ! ಧಾನ್ಯವೇ ಇರಲಿಲ್ಲ ಎಂದರೆ ಅರ್ಧ ಸತ್ಯ; ಕೊಳ್ಳುವ ರೂಪಾಯಿ ಹಳ್ಳಿಯಲ್ಲಿರಲಿಲ್ಲ. ಹಳ್ಳಿಯ ಜನ ಆ ಮೂಟೆಗಳನ್ನು ಹುಡುಕಿಕೊಂಡು ಬೆಂಗಳೂರಿಗೆ ನಡೆದು ಬಂದರು. ಬಂದವರೆಲ್ಲ ತಲುಪಲಿಲ್ಲ.

ಮುಂದಿನ ಅರುವತ್ತು ವರ್ಷಗಳನ್ನು ನಾನು ಬೇಗ ದಾಟುತ್ತೇನೆ. ದಂಡಿನಲ್ಲಿ ಪೇಟೆಗಳು ಬೆಳೆದವು. ಬ್ಲ್ಯಾಕ್‌ಪಳ್ಳಿ ಎಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರದಲ್ಲಿ, ಪೌರಾಡಳಿತದ ಕಮಿಷನರಾಗಿದ್ದ ರಸೆಲ್ ಎಂಬವರ ಹೆಸರಿನ ಮಾರುಕಟ್ಟೆ 1927ರಲ್ಲಿ ಎದ್ದಿತು; 1933ರಲ್ಲಿ ವರ್ತಕಪ್ರಮುಖ ಇಸ್ಮಾಯಿಲ್ ಸೇಠ್ ಅದನ್ನು ವಿಧ್ಯುಕ್ತವಾಗಿ ತೆರೆದರು. ಕೋಸು, ಕ್ಯಾರೆಟ್, ಬೀಟ್‌ರೂಟು, ಸೀಮೆಬದನೆ ಮೊದಲಾದವು ಮೊದಮೊದಲು ದೊರೆಗಳ ಮೇಜಿಗೆಂದು ಬೆಳೆದ ತರಕಾರಿಗಳು. ಕ್ರಮೇಣ ನಮ್ಮ ಸಾರು ಹುಳಿಗಳಿಗೂ ಇಳಿದವು. ಮದರಾಸಿನವರು ಸೀಮೆಬದನೆಯನ್ನು ಇಂದಿಗೂ ‘ಬೆಂಗಳೂರು ಕತ್ತರಿಕ್ಕಾಯ್’ ಎಂದೇ ಕರೆಯುವುದುಂಟು. ದಂಡು ನಮಗೆ ಕೊಟ್ಟ ಹೆಸರುಗಳಲ್ಲಿ ಇದೊಂದು ನಿರುಪದ್ರವಿ.

ಎರಡನೆಯ ಮಹಾಯುದ್ಧ ನಮ್ಮ ಅಡಿಗೆಮನೆಗೆ ಬಂದದ್ದು ಬಾಂಬಿನ ರೂಪದಲ್ಲಲ್ಲ, ಕಾರ್ಡಿನ ರೂಪದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು. ರಂಗೂನಿನ ಅಕ್ಕಿ ನಿಂತಿತು. ದಂಡಿನ ತುಂಬ ಸೈನಿಕರು, ಅವರಿಗೆ ಸರಬರಾಜು ಮೊದಲು. ಊರಿಗೆ ಪಡಿತರ ಬಂತು. ತಲೆಗೆ ಇಷ್ಟೆಂದು ಅಳೆದುಕೊಡುವ ವ್ಯವಸ್ಥೆ ಬಂದಾಗ ಅಕ್ಕಿ ಉಣ್ಣುವವರ ಚೀಲಕ್ಕೆ ಗೋಧಿ ಬಿತ್ತು. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಗೋಧಿ ಎಂದರೆ ಹಬ್ಬದ ಪಾಯಸಕ್ಕೆ, ಸಜ್ಜಿಗೆಗೆ. ಅದನ್ನು ದಿನದ ಊಟವಾಗಿ ಮಾಡುವ ಬಗೆ ಯಾರಿಗೂ ತಿಳಿಯದು. ನಮ್ಮ ಅಜ್ಜಿ ಮೊದಲ ಸಲ ಮಾಡಿದ ಚಪಾತಿಯನ್ನು ತಾತ ಅಪ್ಪಳದಂತೆ ಮುರಿದು ಸಾರಿಗೆ ಹಾಕಿಕೊಂಡರೆಂಬುದು ನಮ್ಮ ಮನೆತನದ ನಗೆಯ ಕಥೆ. ಅಕ್ಕಿಯ ಅಭಾವದಲ್ಲಿಯೇ ರವೆ ಇಡ್ಲಿ ಹುಟ್ಟಿತೆಂದು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿನವರು ಹೇಳಿಕೊಳ್ಳುತ್ತಾರೆ. ಕೊರತೆಯಲ್ಲಿ ಹುಟ್ಟಿದ ತಿಂಡಿ ಕೊರತೆ ಕಳೆದ ಮೇಲೂ ಉಳಿಯಿತು; ಚಪಾತಿಯೂ ಉಳಿಯಿತು.

ನಾನು ಕಣ್ಣಾರೆ ಕಂಡದ್ದು ಇದರ ನಂತರದ ಕಾಲ. ದಂಡು 1947ರ ಜುಲೈನಲ್ಲಿ ಮೈಸೂರಿಗೆ ಮರಳಿತ್ತು. ನಮ್ಮ ತಂದೆ ಪೂರ್ವದ ಕಡೆಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಸಂಬಳದ ಮರುದಿನ ಚೀಟಿ ಹಿಡಿದು ಹಲಸೂರು ಬಜಾರಿನ ಶೆಟ್ಟರ ಅಂಗಡಿಗೆ ಹೋಗುವುದು ನನ್ನ ಕೆಲಸ. ಅಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ತಕ್ಕಡಿಯ ಸುತ್ತ ಸುಳಿದಾಡುತ್ತಿದ್ದವು. ನಾವು ಸೇರು ಎಂದರೆ ಪಕ್ಕದವರು ಪಡಿ ಎನ್ನುವರು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ, ಮರುವರ್ಷ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು ಬಂದವು. ಪಾವು, ಸೇರು ಎಂಬುವು ಕೊಳಗದ ಜಾತಿಯವು, ತುಂಬಿ ಅಳೆಯುವವು. ಅಳೆದ ಮೇಲೆ ಮೇಲೊಂದು ಗೋಪುರ ನಿಲ್ಲಿಸಬಹುದು, ಅಂಗೈಯಿಂದ ಗೀಸಿ ಮಟ್ಟಮಾಡಬಹುದು. ಗೋಪುರವೋ ಮಟ್ಟವೋ ಎಂಬುದರಲ್ಲಿ ಅಂಗಡಿಯವನ ಮನಸ್ಸು ತಿಳಿಯುತ್ತಿತ್ತು. ಕಬ್ಬಿಣದ ತೂಕದ ಬಟ್ಟಿಗೆ ಮನಸ್ಸಿಲ್ಲ. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೂ ‘ಹಳೆಯ ಪಾವು ಕೈಯಲ್ಲಿ ಹಿಡಿದರೆ ಎಷ್ಟೆಂದು ಗೊತ್ತಾಗುತ್ತಿತ್ತು, ಈ ಗ್ರಾಮು ಕಣ್ಣಿಗೆ ಕಾಣದು’ ಎಂದು ತಾಯಿ ಕೊನೆಯವರೆಗೂ ಗೊಣಗಿದರು.

1965 ಮತ್ತು 1966. ಎರಡು ವರ್ಷ ಸಾಲಾಗಿ ಮಳೆ ಹೋಯಿತು. ಸೋಮವಾರ ರಾತ್ರಿ ಒಂದು ಹೊತ್ತು ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ದೇಶವನ್ನು ಕೇಳಿಕೊಂಡರು. ಅಮೆರಿಕದಿಂದ ಪಿ.ಎಲ್. 480 ಒಪ್ಪಂದದ ಗೋಧಿಯೂ ಕೆಂಪು ಜೋಳವೂ ಹಡಗು ಹಡಗಾಗಿ ಬಂದವು. ನಾನಾಗ ಹದಿಮೂರು ವರ್ಷದವನು. ಪಡಿತರದ ಸಾಲಿನಲ್ಲಿ ಚೀಲವನ್ನು ನಿಲ್ಲಿಸಿ, ಅದರ ಮೇಲೊಂದು ಕಲ್ಲಿಟ್ಟು, ನಾವು ಹುಡುಗರು ಕೆರೆಯ ಏರಿಯ ಮೇಲೆ ಆಡುತ್ತಿದ್ದೆವು. ಅದು ಆಟದ ಕಾಲವೆಂದೇ ನನಗೆ ತೋರಿತ್ತು. ಒಂದು ತಿಂಗಳು ಚೀಟಿ ಕೊಟ್ಟಾಗ ಶೆಟ್ಟರು ಅದನ್ನು ಓದಲಿಲ್ಲ. ಲೆಕ್ಕದ ಪುಸ್ತಕ ತೆರೆದು ನಮ್ಮ ಪುಟ ನೋಡಿ, ಮುಚ್ಚಿ, ‘ಮರಿ, ಅಪ್ಪಾವರನ್ನ ಒಂದ್ಸಲ ಬರೋಕೆ ಹೇಳಪ್ಪ’ ಎಂದರು. ಮಾತಿನಲ್ಲಿ ಕಾಠಿಣ್ಯವಿರಲಿಲ್ಲ. ನಾನು ಖಾಲಿ ಚೀಲ ಮಡಿಸಿಕೊಂಡು ಮನೆಗೆ ಬಂದೆ. ತಾಯಿ ಏನೂ ಕೇಳಲಿಲ್ಲ. ಚೀಲ ಮಡಿಸಿದ್ದನ್ನು ನೋಡಿಯೇ ತಿಳಿದುಕೊಂಡರು.

ಆ ತಿಂಗಳಿನಿಂದ ನಮ್ಮ ಮನೆಯ ಅಳತೆ ತಿಂಗಳಿನಿಂದ ದಿನಕ್ಕೆ ಇಳಿಯಿತು. ಬೆಳಗ್ಗೆ ಅರ್ಧ ಪಾವು ತೊಗರಿಬೇಳೆ, ಸಂಜೆ ಶೀಷೆಯ ತಳದಷ್ಟು ಕಡಲೆಕಾಯಿ ಎಣ್ಣೆ, ಕಾಗದದ ಪೊಟ್ಟಣದಲ್ಲಿ ಎರಡು ಚಮಚೆ ಕಾಫಿಪುಡಿ. ಚಿಲ್ಲರೆಯಾಗಿ ಕೊಂಡದ್ದು ಸಗಟಿಗಿಂತ ಯಾವಾಗಲೂ ತುಟ್ಟಿ ಎಂಬುದು ತಾಯಿಗೆ ತಿಳಿಯದ್ದೇನಲ್ಲ. ಆದರೆ ಒಟ್ಟಿಗೆ ಕೊಳ್ಳುವ ಹಣವಿದ್ದವರಿಗೆ ಮಾತ್ರ ಅಗ್ಗದ ದರ. ಇಲ್ಲದವರು ತುಟ್ಟಿಯಾಗಿಯೇ ಕೊಳ್ಳಬೇಕು. ಸಾರು ತೆಳುವಾಯಿತು. ಕಾಫಿಗೆ ಚಿಕೋರಿಯ ಪಾಲು ಹೆಚ್ಚಿತು. ತಂದೆಗೂ ನಮಗೂ ಮಾತ್ರ ಅನ್ನ ತಪ್ಪಲಿಲ್ಲ. ಅಚ್ಚರಿಯೆಂದರೆ ಪಡಿತರದ ಅಕ್ಕಿ ಅಷ್ಟು ಜನಕ್ಕೆ ಸಾಲುವಂತಿರಲಿಲ್ಲ ಎಂಬ ಲೆಕ್ಕ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ನಾವೆಲ್ಲ ಉಂಡು ಎದ್ದ ಮೇಲೆ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ತಾಯಿ ಉಣ್ಣುತ್ತಿದ್ದುದು ರಾಗಿಯ ಅಂಬಲಿ. ನೀರಿಗೆಂದು ಒಮ್ಮೆ ಬಾಗಿಲು ನೂಕಿದಾಗ ಅವರು ಲೋಟವನ್ನು ಸೆರಗಿನ ಮರೆಗೆ ಸರಿಸಿದರು. ಹಸಿವಿಗಿಂತ ಅವರಿಗೆ ಅದು ನಾಚಿಕೆಯ ವಿಷಯವಾಗಿತ್ತು. ಪಟ್ಟಣ ಸೇರಿ, ಗುಮಾಸ್ತರ ಹೆಂಡತಿಯಾಗಿ, ಮತ್ತೆ ಅಂಬಲಿಗೆ ಬಂದುದು ಅಕ್ಕಪಕ್ಕದವರಿಗೆ ತಿಳಿಯಬಾರದು! ಕ್ಷಾಮದ ಅಂಕಿ ಅಂಶಗಳನ್ನು ಓದುವಾಗಲೆಲ್ಲ ನನಗೆ ಆ ಲೋಟ ಕಣ್ಣಮುಂದೆ ಬರುತ್ತದೆ. ತಲಾ ಇಷ್ಟು ಔನ್ಸು ಎಂದು ಸರ್ಕಾರ ಲೆಕ್ಕ ಹಾಕುತ್ತದೆ. ಮನೆಯೊಳಗೆ ಆ ‘ತಲಾ’ ಎಂಬುದು ಸಮನಾಗಿ ಹಂಚಿಕೆಯಾಗುವುದಿಲ್ಲ. ಬಡಿಸುವವಳು ಕೊನೆಗೆ ಕೂರುತ್ತಾಳೆ, ಪಾತ್ರೆಯ ತಳ ಅವಳಿಗೆ.

ಇದೇ ವರ್ಷಗಳಲ್ಲಿ ಬೇರೆ ದಾರಿಗಳೂ ತೆರೆದುಕೊಂಡವು. 1965ರ ಜನವರಿಯಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಗ್ರಾಹಕರ ಸಹಕಾರ ಸಂಘಗಳು, ಜನತಾ ಬಜಾರುಗಳು ಬಂದವು. ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರಿಗೆಂದು ಆರಂಭವಾದ ಸಹಕಾರ ಸಂಘ ಮುಂದೆ ಹಾಪ್‌ಕಾಮ್ಸ್ ಎಂಬ ಹೆಸರಿನಲ್ಲಿ ಊರಿನ ಮೂಲೆಮೂಲೆಗೂ ಹಣ್ಣು ತರಕಾರಿಯ ಮಳಿಗೆ ಇಟ್ಟಿತು. ದರದ ಹಲಗೆಯನ್ನು ಹೊರಗೆ ತೂಗುಹಾಕಿ ಮಾರಿದ್ದು ಅದರ ಹೆಚ್ಚುಗಾರಿಕೆ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ತಳಿಗಳನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಹೊರತಂದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಸೆರಗಿನ ಮರೆಗೆ ಸರಿದ ಧಾನ್ಯಕ್ಕೆ ಒಬ್ಬ ವಿಜ್ಞಾನಿ ತನ್ನ ಹೆಸರನ್ನೇ ಕೊಟ್ಟುಕೊಂಡದ್ದು ನನಗೆ ಸಮಾಧಾನದ ಸಂಗತಿ.

1973-74ರಲ್ಲಿ ಸಗಟು ಬೆಲೆಗಳು ಒಂದೇ ವರ್ಷದಲ್ಲಿ ನೂರಕ್ಕೆ 20ರಷ್ಟು ಏರಿದವು. ಬರವೂ ತೈಲದ ಬಿಕ್ಕಟ್ಟೂ ಒಟ್ಟಿಗೆ ಬಂದಿದ್ದವು. ಆಮೇಲೆ ತುರ್ತುಪರಿಸ್ಥಿತಿ ಬಂದಾಗ ಹೋಟೆಲು ತಿಂಡಿಗಳ ದರವನ್ನು ಸರ್ಕಾರ ಕಟ್ಟಿಹಾಕಿತು. ಆ ದರದಲ್ಲಿ ನಡೆಸಲಾರದೆ ಮಾವಳ್ಳಿ ಟಿಫಿನ್ ರೂಮು ಬಾಗಿಲು ಮುಚ್ಚಿ, ಕೆಲಸಗಾರರನ್ನು ಬಿಡದಿರುವ ಸಲುವಾಗಿ ಸಾರಿನ ಪುಡಿ, ಇಡ್ಲಿ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. ಬೆಲೆ ಇಳಿಸಲು ಹೊರಟ ಆಜ್ಞೆಯೊಂದು ಮನೆಮನೆಯ ಒರಳುಕಲ್ಲನ್ನು ಮೂಲೆಗೆ ತಳ್ಳುವುದಕ್ಕೆ ಹೀಗೆ ತನ್ನ ಪಾಲು ಸಲ್ಲಿಸಿತು. ಚರಿತ್ರೆಯಲ್ಲಿ ಇಂಥ ಅಡ್ಡದಾರಿಗಳೇ ಹೆಚ್ಚು.

ಎಪ್ಪತ್ತರ ದಶಕದಿಂದ ಹಲಸೂರಿನ ಪೂರ್ವಕ್ಕೆ ಇಂದಿರಾನಗರ ಬೆಳೆಯಿತು. ಮೊದಲು ಅಲ್ಲಿಯವರು ಸಾಮಾನಿಗೆ ಹಲಸೂರು ಬಜಾರಿಗೇ ಬರುತ್ತಿದ್ದರು. ಬ್ರಿಗೇಡ್ ರಸ್ತೆಯ ನೀಲಗಿರೀಸ್‌ನಲ್ಲಿ ಗಿರಾಕಿ ತಾನೇ ಬುಟ್ಟಿ ಹಿಡಿದು ಆರಿಸಿಕೊಳ್ಳುವ ಪದ್ಧತಿ ಬಂದದ್ದನ್ನು ನಾವು ಸರ್ಕಸ್ಸು ನೋಡುವಂತೆ ನೋಡಿ ಬಂದೆವು. ಅಲ್ಲಿ ಸಾಲದ ಪುಸ್ತಕವಿಲ್ಲ, ಮುಚ್ಚುವ ಭಯವೂ ಇಲ್ಲ. ಕಡ ಕೇಳುವವನಿಗೆ ಪ್ರವೇಶವೇ ಇಲ್ಲ. 1994ರಲ್ಲಿ ಖಾದ್ಯತೈಲದ ಆಮದಿಗೆ ಬಾಗಿಲು ತೆರೆದ ಮೇಲೆ ಕಡಲೆಕಾಯಿ ಎಣ್ಣೆಯ ಶೀಷೆ ಮೂಲೆಗೆ ಹೋಗಿ ತಾಳೆ, ಸೂರ್ಯಕಾಂತಿಗಳ ಪ್ಲಾಸ್ಟಿಕ್ ಚೀಲಗಳು ಬಂದವು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾದಾಗ ಕೆಲವೇ ದಿನಗಳಲ್ಲಿ ಹಲಸೂರಿನಲ್ಲಿ ಎಣ್ಣೆ ತುಟ್ಟಿಯಾಯಿತು. ಅಜ್ಜಿಗೆ ರಂಗೂನು, ತಾಯಿಗೆ ಅಮೆರಿಕ, ಸೊಸೆಗೆ ಕಪ್ಪು ಸಮುದ್ರ. ನಮ್ಮ ಬಾಣಲೆಯ ಕೆಳಗಿನ ಉರಿ ಯಾವಾಗಲೂ ದೂರದ್ದೇ.

ಈಚಿನ ಬೆಲೆಯೇರಿಕೆಗಳನ್ನು ನೀವೆಲ್ಲ ಬಲ್ಲಿರಿ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಸುತ್ತ ಸುಳಿಯಿತು. 2023ರ ಜುಲೈನಲ್ಲಿ, ಕೋಲಾರದಂಥ ಟೊಮೇಟೊ ಸೀಮೆಯ ಪಕ್ಕದಲ್ಲಿದ್ದುಕೊಂಡೂ, ನಾವು ಟೊಮೇಟೊಗೆ ನೂರಕ್ಕೂ ಮಿಕ್ಕಿ ತೆತ್ತೆವು. ಹುಣಿಸೆಹಣ್ಣಿನ ಸಾರು ಮನೆಮನೆಗೂ ಮರಳಿತು. ಇವುಗಳ ನಡುವೆ 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಅಕ್ಕಿಯನ್ನು ಬಡವರ ಮನೆಗೆ ತಂದಿತು. ಮೊದಲು ಕಿಲೋಗೆ ಒಂದು ರೂಪಾಯಿ, 2015ರಿಂದ ಉಚಿತ. ಇದನ್ನು ಆಡಿಕೊಳ್ಳುವವರಿದ್ದಾರೆ. ನಾನು ಅವರ ಗುಂಪಿಗೆ ಸೇರಲಾರೆ. ಸೆರಗಿನ ಮರೆಯ ಲೋಟವನ್ನು ಕಂಡವನು ನಾನು. ಆದರೆ ಒಂದು ವಿಪರ್ಯಾಸವನ್ನು ಹೇಳಲೇಬೇಕು. 2024-25ನೆಯ ಸಾಲಿಗೆ ಕೇಂದ್ರವು ಸಾರಿದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,300 ರೂಪಾಯಿ, ರಾಗಿಗೆ 4,290. ಭತ್ತವನ್ನು ಕುಟ್ಟಿ ಹೊಟ್ಟು ತೌಡು ಕಳೆದು ಲೆಕ್ಕ ಹಾಕಿದರೂ ರಾಗಿಯೇ ಮುಂದು. ಇಂದಿರಾನಗರದಲ್ಲಿ ನನ್ನ ಮೊಮ್ಮಗಳು ರಾಗಿ ಬಿಸ್ಕತ್ತನ್ನು ಗೋಧಿ ಬಿಸ್ಕತ್ತಿಗಿಂತ ಹೆಚ್ಚು ಹಣ ಕೊಟ್ಟು ತರುತ್ತಾಳೆ, ಮರೆಮಾಚದೆ ತಿನ್ನುತ್ತಾಳೆ. ಮಾಂಸದ ಅಂಗಡಿಯಲ್ಲೂ ಹೀಗೆಯೇ ಆಯಿತೆಂದು ರಸೆಲ್ ಮಾರುಕಟ್ಟೆಗೆ ಹೋಗಿಬರುವ ಗೆಳೆಯರು ಹೇಳುತ್ತಾರೆ. ನಮ್ಮ ಬಾಲ್ಯದಲ್ಲಿ ಕೋಳಿ ಹಬ್ಬದ ಊಟ. ಇಂದು ಕೋಳಿ ವಾರದ ಊಟ, ಕುರಿ ಹಬ್ಬಕ್ಕೆ.

ಅಳತೆಯ ಮಾತಿಗೆ ಮರಳುತ್ತೇನೆ. 2022ರ ಜುಲೈ 18ರಿಂದ, ಹೆಸರಚ್ಚು ಹಾಕಿ ಕಟ್ಟಿದ ಅಕ್ಕಿ, ಬೇಳೆ, ಹಿಟ್ಟುಗಳ 25 ಕಿಲೋ ವರೆಗಿನ ಚೀಲಗಳಿಗೆ ನೂರಕ್ಕೆ 5ರಂತೆ ಸರಕು ಸೇವಾ ತೆರಿಗೆ ಬಂತು. ಸ್ವಲ್ಪ ದಿನಗಳಲ್ಲೇ ನಮ್ಮ ಬಡಾವಣೆಯ ಅಕ್ಕಿ ಅಂಗಡಿಯಲ್ಲಿ 26 ಕಿಲೋ ಮೂಟೆಗಳು ಕಾಣಿಸಿಕೊಂಡವು! ಮೂಟೆ ಕೊಳ್ಳಬಲ್ಲವನಿಗೆ ತೆರಿಗೆಯಿಲ್ಲ. ಅಚ್ಚಿನ ಪೊಟ್ಟಣದಲ್ಲಿ ಐದು ಕಿಲೋ ಕೊಳ್ಳುವವನಿಗೆ ಉಂಟು. ಇನ್ನೊಂದು ಕಡೆ, ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಎಷ್ಟೋ ವರ್ಷಗಳಿಂದ ಐದು ರೂಪಾಯಿಯದಾಗಿಯೇ ಉಳಿದು, ಒಳಗಿನ ಬಿಸ್ಕತ್ತು ಮಾತ್ರ ಕಡಿಮೆಯಾಗುತ್ತ ಬಂತು. ಸೋಪು, ಎಣ್ಣೆ, ಚಹಾಪುಡಿಗಳಲ್ಲೂ ಇದೇ ಚಮತ್ಕಾರ. ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂಭಾಗದ ಗ್ರಾಮನ್ನು ಓದುವಾಗ, 1870ರ ದಶಕದ ಗುಮಾಸ್ತ ನೆನಪಾಗುತ್ತಾನೆ. ರೂಪಾಯಿಗೆ ಇಷ್ಟು ಸೇರು ಎಂದು ಅವನು ಬರೆದಿಟ್ಟ ಪದ್ಧತಿಗೆ ನಾವು ಸದ್ದಿಲ್ಲದೆ ಮರಳಿದ್ದೇವೆ.

ಇನ್ನು ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ವ್ಯಾಪಾರ. ನಮ್ಮ ಬೀದಿಯಲ್ಲಿ ಹುಡುಗರು ಮೋಟಾರು ಬೈಕುಗಳಲ್ಲಿ ನೂರು ಗ್ರಾಂ ಹಸಿಮೆಣಸಿನಕಾಯಿ ಹೊತ್ತು ಹಗಲೂ ರಾತ್ರಿ ಓಡುತ್ತಾರೆ. ಚಿಲ್ಲರೆಯಾಗಿ ಕೊಳ್ಳುವುದು ಒಂದು ಕಾಲಕ್ಕೆ ಬಡತನದ ಗುರುತಾಗಿತ್ತು. ಈಗ ಸಿರಿವಂತನೂ ಹೊತ್ತಿನ ಹೊತ್ತಿಗೆ ಕೊಳ್ಳುತ್ತಾನೆ. ಅವನಲ್ಲಿ ಹಣವಿದೆ, ಹೊತ್ತಿಲ್ಲ. ಸಾಮಾನು ತಂದುಕೊಡುವ ಹುಡುಗ ಮಾತ್ರ ಕೆಲಸ ಮುಗಿಸಿ ಕೃಷ್ಣರಾಜಪುರದ ಕಡೆಯ ತನ್ನ ಕೋಣೆಗೆ ಹೋಗುವಾಗ ದಾರಿಯ ಅಂಗಡಿಯಲ್ಲಿ ಕಾಲು ಕಿಲೋ ಬೇಳೆ ಕೊಳ್ಳುತ್ತಾನೆ. ಇಬ್ಬರ ಅಳತೆಯೂ ಒಂದೇ.

ಹೋದ ವಾರ ಹಲಸೂರು ಬಜಾರಿಗೆ ಹೋಗಿದ್ದೆ. ಶೆಟ್ಟರ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಮಳಿಗೆ. ಸೋಮೇಶ್ವರ ಗುಡಿಯ ಬಳಿ ಸೊಪ್ಪು ಮಾರುವ ಮುದುಕಿಯೊಬ್ಬರಿಂದ ಅರ್ಧ ಕಿಲೋ ಬದನೆಕಾಯಿ ತೆಗೆದುಕೊಂಡೆ. ಮೊದಲೆಲ್ಲ ತರಕಾರಿ ಕೊಂಡರೆ ನಾಲ್ಕು ಎಸಳು ಕರಿಬೇವು, ಒಂದೆರಡು ಹಸಿಮೆಣಸಿನಕಾಯಿ ಕೇಳದೆಯೇ ಚೀಲಕ್ಕೆ ಬೀಳುತ್ತಿದ್ದವು. ಅದಕ್ಕೆ ಕೊಸರು ಎಂದು ಹೆಸರು. ಪೇಟೆ ಧಾರಣೆಯಲ್ಲಿ ಅದನ್ನು ಎಂದೂ ಓದುತ್ತಿರಲಿಲ್ಲ. ಹಳೆಯ ಸಲುಗೆಯಿಂದ ‘ಕೊಸರು ಇಲ್ವೇನಮ್ಮಾ?’ ಎಂದೆ. ಆಕೆ ನನ್ನ ಮುಖವನ್ನೊಮ್ಮೆ, ತನ್ನ ಮುಂದಿನ ಕರಿಬೇವಿನ ಕಟ್ಟನ್ನೊಮ್ಮೆ ನೋಡಿ, ‘ಇದಕ್ಕೂ ನಾನು ಕಾಸು ಕೊಟ್ಟೇ ತಂದಿರೋದು ಕಣಪ್ಪಾ’ ಎಂದರು. ಎಂದು, ಒಂದು ಕಡ್ಡಿಯನ್ನು ಎರಡಾಗಿ ಮುರಿದು, ಚಿಕ್ಕ ಭಾಗವನ್ನು ನನ್ನ ಚೀಲಕ್ಕೆ ಹಾಕಿದರು.